ಮಳೆಗಾಲದಲ್ಲಿ ಅಂಗಾಲಿನ ಗುಳ್ಳೆ ಮತ್ತು ಜಡ್ಡುಚರ್ಮದ ಆರೈಕೆ

ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ತೋಟದಲ್ಲಿ ಗಂಬೂಟು ಹಾಕಿ ದುಡಿಯುವವರ ಪಾದ ದಿನವಿಡೀ ಒದ್ದೆಯಾಗಿಯೇ ಇರುತ್ತದೆ. ನೆನೆದು ಮೆತ್ತಗಾದ ಚರ್ಮದ ಮೇಲೆ ತಿಕ್ಕಾಟ ಹೆಚ್ಚಾಗಿ ಗುಳ್ಳೆ ಏಳುತ್ತದೆ. ಅದೇ ಜಾಗದಲ್ಲಿ ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗಿ ಜಡ್ಡುಗಟ್ಟುತ್ತದೆ. ಆದ್ದರಿಂದ ಒತ್ತುವ ಬೂಟನ್ನು ಬದಲಿಸದೆ ಮಾಡುವ ಯಾವ ಚಿಕಿತ್ಸೆಯೂ ನಿಲ್ಲದು.

ಗುಳ್ಳೆಯನ್ನು ಒಡೆಯದೆ ಸಡಿಲವಾಗಿ ಪಟ್ಟಿ ಕಟ್ಟುವುದೇ ಒಳ್ಳೆಯದು, ಏಕೆಂದರೆ ಮೇಲಿನ ಚರ್ಮವೇ ಸೋಂಕಿಗೆ ತಡೆ. ತಾನಾಗಿ ಒಡೆದರೆ ಸೋಪು ನೀರಿನಲ್ಲಿ ತೊಳೆದು, ಆ ಚರ್ಮವನ್ನು ಕಿತ್ತುಹಾಕದೆ, ವ್ಯಾಸಲೀನ್ ಸವರಿ ಮುಚ್ಚಬೇಕು.

ಜಡ್ಡುಚರ್ಮಕ್ಕೆ ತಾಳ್ಮೆ ಬೇಕು. ರಾತ್ರಿ ಬಚ್ಚಲಲ್ಲಿ ಸುಮಾರು 10 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಿ, ಪಾದ ಉಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಯೂರಿಯಾ ಇರುವ ಮುಲಾಮನ್ನು ಹಚ್ಚಿದರೆ ಕೆಲವು ವಾರಗಳಲ್ಲಿ ಚರ್ಮ ಮೆದುವಾಗುತ್ತದೆ. ಬ್ಲೇಡಿನಿಂದ ಕೆತ್ತುವ ರೂಢಿಯನ್ನು ದಯವಿಟ್ಟು ಬಿಡಿ; ಆ ಗಾಯದೊಳಗೆ ತೋಟದ ಕೆಸರು ಸೇರುವುದು ನಿಜಕ್ಕೂ ಅಪಾಯಕಾರಿ. ಆಣಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿಯನ್ನು ಸುತ್ತಲಿನ ಒಳ್ಳೆಯ ಚರ್ಮಕ್ಕೆ ತಾಗದಂತೆ ಅಂಟಿಸಬಹುದು.

ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲುಚೀಲ ಬದಲಿಸಿ, ಬೆರಳ ಸಂದುಗಳನ್ನೂ ಒರೆಸಿಕೊಳ್ಳಿ. ಒದ್ದೆ ಬೂಟನ್ನು ಬಚ್ಚಲೊಲೆಯ ಹತ್ತಿರ, ಬೆಂಕಿಯಿಂದ ದೂರವಿಟ್ಟು ಒಣಗಿಸಿ.

ಸಕ್ಕರೆ ಕಾಯಿಲೆ ಅಥವಾ ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರು ಇವುಗಳಲ್ಲಿ ಉಜ್ಜುವುದನ್ನೂ ಆಮ್ಲದ ಪಟ್ಟಿಯನ್ನೂ ತಾವಾಗಿ ಪ್ರಯೋಗಿಸಬಾರದು. ಕೀವು, ಹರಡುವ ಕೆಂಪು ಅಥವಾ ಜ್ವರ ಕಂಡರೆ ಯಾರೇ ಆಗಲಿ, ಮಳೆ ಬಿಡಲೆಂದು ಕಾಯದೆ ಅಂದೇ ವೈದ್ಯರಿಗೆ ತೋರಿಸಬೇಕು.