ಸೇರಿದ್ದು, ಚುಚ್ಚಿದ್ದು

ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಕಲಿಸುತ್ತೇನೆ. ಅದರೊಂದಿಗೆ ಆರು ವರ್ಷಗಳಿಂದ ಹುಡುಗಿಯರ ಹಾಸ್ಟೆಲ್ಲಿನ ಉಸ್ತುವಾರಿಯೂ ನನಗೇ ಬಂದಿದೆ. ತಿಂಗಳಲ್ಲಿ ಎರಡು ಶನಿವಾರ ರಾತ್ರಿ ಊಟದ ಹಾಲಿನ ಗೋಡೆಗೆ ಬಿಳಿ ಚಾದರ ಕಟ್ಟಿ ಎಲ್ಲರೂ ಕೂಡಿ ಸಿನಿಮಾ ನೋಡುತ್ತೇವೆ. ನವಲಗುಂದ, ರೋಣ, ಹಾನಗಲ್, ಸವಣೂರು ಕಡೆಯಿಂದ ಬಂದ ಈ ಹುಡುಗಿಯರಿಗೆ ವಾರವಿಡೀ ಕಾದು ಸಿಗುವ ಸಂತೋಷವದು.

ಮೊದಲ ವರ್ಷ ನಾನು ಆ ಸಂತೋಷವನ್ನು ಕೆಡಿಸಿದೆ. ಹೆಣ್ಣನ್ನು ಕೀಳಾಗಿ ತೋರಿಸುವ ದೃಶ್ಯ ಬಂದ ಕೂಡಲೇ ಸಿನಿಮಾ ನಿಲ್ಲಿಸಿ ತಪ್ಪೇನೆಂದು ವಿವರಿಸುತ್ತಿದ್ದೆ. ಎರಡೇ ತಿಂಗಳಲ್ಲಿ ಹುಡುಗಿಯರು ‘ಇದು ಪುರುಷಪ್ರಧಾನ ವ್ಯವಸ್ಥೆ ಮೇಡಮ್’ ಎಂದು ಪರೀಕ್ಷೆಯ ಉತ್ತರದಂತೆ ಒಪ್ಪಿಸಲು ಕಲಿತರು. ರಾತ್ರಿ ಹಾಸಿಗೆಯಲ್ಲಿ ಅದೇ ಸಿನಿಮಾದ ಹಾಡನ್ನು ಮೊಬೈಲಿನಲ್ಲಿ ನೋಡಿ ಖುಷಿಪಡುತ್ತಿದ್ದರು. ನನಗೆ ಗೊತ್ತಾದಾಗ ಅವರ ಮುಖದಲ್ಲಿ ಕಂಡ ಅಂಜಿಕೆ ನನ್ನನ್ನು ಬಹಳ ದಿನ ಕಾಡಿತು. ನಾನು ವಿಚಾರ ಮಾಡುವುದನ್ನಲ್ಲ, ಮನಸ್ಸಿಗೆ ಸೇರಿದ್ದನ್ನು ಮುಚ್ಚಿಡುವುದನ್ನು ಕಲಿಸಿದ್ದೆ.

ಆಮೇಲೆ ಇನ್ನೂರು ಪುಟದ ಒಂದು ಪಟ್ಟಿ, ಅಂದರೆ ನೋಟ್‌ಬುಕ್, ತಂದು, ಪ್ರತಿ ಸಿನಿಮಾಕ್ಕೆ ಎದುರುಬದುರು ಎರಡು ಪುಟ ಇಟ್ಟೆ. ಎಡಗಡೆಯ ಪುಟಕ್ಕೆ ‘ಸೇರಿದ್ದು’, ಬಲಗಡೆಯ ಪುಟಕ್ಕೆ ‘ಚುಚ್ಚಿದ್ದು’ ಎಂದು ಹೆಸರು. ಸಿನಿಮಾ ನಡುವೆ ನಿಲ್ಲಿಸುವಂತಿಲ್ಲ, ಎಡಪುಟದಲ್ಲಿ ಒಂದು ಸಾಲಾದರೂ ಬರೆಯದೆ ಬಲಪುಟಕ್ಕೆ ಹೋಗುವಂತಿಲ್ಲ, ಮತ್ತು ಮೊದಲ ಸಾಲು ನಾನೇ ಬರೆಯಬೇಕು. ನನಗೆ ಯಾವ ನಾಯಕನ ನಡಿಗೆ ಇಷ್ಟ, ಯಾವ ಹಾಡಿಗೆ ಕಣ್ಣು ತುಂಬುತ್ತವೆ ಎಂದು ವಿದ್ಯಾರ್ಥಿನಿಯರ ಮುಂದೆ ಬರೆಯುವುದು ನನಗೆ ಸುಲಭವಾಗಲಿಲ್ಲ. ಆದರೆ ಅದನ್ನು ಓದಿದ ಮೇಲೆಯೇ ಅವರು ಬಲಪುಟದಲ್ಲಿ ತಮ್ಮ ಸ್ವಂತ ಮಾತು ಬರೆಯತೊಡಗಿದರು.

ಆ ಪುಟದಲ್ಲಿ ಬಂದ ಮೊದಲ ಗಟ್ಟಿ ಮಾತು ನಾನು ಎಣಿಸಿದ್ದಕ್ಕಿಂತ ಬೇರೆಯೇ ಆಗಿತ್ತು. ಒಂದು ಹಾಸ್ಯದ ದೃಶ್ಯದಲ್ಲಿ ಬೆಂಗಳೂರಿನ ಮನೆಯ ಕೆಲಸದವಳು ನಮ್ಮ ಕಡೆಯ ಮಾತನ್ನು ಎಳೆದೆಳೆದು ಆಡುತ್ತಾಳೆ. ಹಾಲೆಲ್ಲ ನಕ್ಕಿತು, ನಾನೂ ನಕ್ಕೆ. ನವಲಗುಂದ ತಾಲ್ಲೂಕಿನ ಹುಡುಗಿಯೊಬ್ಬಳು ಮಾತ್ರ ನಗದೆ ಕೂತಿದ್ದವಳು ಪಟ್ಟಿಯಲ್ಲಿ ಹೀಗೆ ಬರೆದಳು: ‘ನಮ್ಮವ್ವ ಹಿಂಗ ಮಾತಾಡ್ತಾಳ. ಅದರಾಗ ನಗೂದೇನೈತಿ?’ ಕಾಲೇಜಿಗೆ ಸೇರಿ ನಾಲ್ಕು ತಿಂಗಳಾದರೂ ಆಕೆ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮುಂದಿನ ವಾರ ಆ ದೃಶ್ಯವನ್ನು ಮತ್ತೆ ಹಚ್ಚಿ, ಚಿತ್ರ ಕಾಣದಂತೆ ಮಾಡಿ ಬರೀ ಧ್ವನಿಯನ್ನು ಕೇಳಿಸಿದೆ. ಕಣ್ಣಿಗೆ ಏನೂ ಇಲ್ಲದಾಗ ಯಾರ ಕನ್ನಡ ಯಜಮಾನನದು, ಯಾರದು ಆಳಿನದು, ಯಾರದು ಕಾವಲುಗಾರನದು ಎಂಬುದು ಕೈಗೆ ಸಿಗುವಷ್ಟು ಸ್ಪಷ್ಟವಾಯಿತು. ಬೇಂದ್ರೆಯವರು ಕಾವ್ಯ ಕಟ್ಟಿದ ಈ ಮಾತು ತೆರೆಯ ಮೇಲೆ ಇಷ್ಟು ಸಲ ಕಸಬರಿಗೆ ಹಿಡಿದು ಬರುವುದೇಕೆಂದು ಆ ರಾತ್ರಿ ಹನ್ನೊಂದರವರೆಗೆ ಮಾತಾಡಿದೆವು. ಆ ನಟಿಯ ಚುರುಕನ್ನು ಮೆಚ್ಚಿ ಎಡಪುಟದಲ್ಲಿ ಬರೆದ ಸಾಲನ್ನು ಯಾರೂ ಹೊಡೆದು ಹಾಕಲಿಲ್ಲ. ನಾನೂ ಹೊಡೆಯಿರೆಂದು ಹೇಳಲಿಲ್ಲ.

ನಾಯಕ ಬೆನ್ನು ಬಿಡದೆ ಹಿಂಬಾಲಿಸಿ ನಾಯಕಿಯನ್ನು ಒಲಿಸಿಕೊಳ್ಳುವ ಹಾಡುಗಳಿಗೆ ಇದರ ತಿರುವುಮುರುವು ಮಾಡಿದೆವು: ಧ್ವನಿ ತೆಗೆದು ಚಿತ್ರ ಮಾತ್ರ. ರಾಗ ಹೋದ ಮೇಲೆ ಉಳಿಯುವುದು ಬಸ್‌ಸ್ಟ್ಯಾಂಡಿನಲ್ಲಿ ದಾರಿ ಬದಲಿಸುತ್ತಿರುವ ಒಬ್ಬ ಹುಡುಗಿಯ ಮುಖ. ಬೇಡವೆಂದ ಮೇಲೂ ಬೆನ್ನು ಹತ್ತುವುದು 2013ರಲ್ಲಿ ಪ್ರತ್ಯೇಕ ಅಪರಾಧವಾಯಿತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿದೆ, ಮೊದಲ ಸಲದ ತಪ್ಪಿಗೆ ಮೂರು ವರ್ಷದವರೆಗೆ ಸಜೆ ಇದೆ ಎಂದು ನಾನು ಓದಿ ಹೇಳಿದೆ. ಅವರಿಗೆ ಕಾನೂನಿಗಿಂತ ಬೇರೆ ಸಂಗತಿ ದೊಡ್ಡದಾಗಿತ್ತು. ರೋಣದ ಕಡೆಯ ಹುಡುಗಿ ಎದ್ದು ನಿಂತು, ‘ಹಿಂದ ಬಿದ್ದಾಂವಗ ಏನೂ ಆಗೂದಿಲ್ರೀ ಮೇಡಮ್, ಮನ್ಯಾಗ ಗೊತ್ತಾದ್ರ ಕಾಲೇಜ್ ಬಿಡಸೂದು ನಮ್ಮನ್ನ’ ಎಂದಳು. ಸಿನಿಮಾದ ನಾಯಕಿ ಎಷ್ಟು ದಿನ ಯಾರು ಹಿಂದೆ ಬಿದ್ದರೂ ಕಾಲೇಜಿಗೆ ಬರುತ್ತಲೇ ಇರುತ್ತಾಳೆ ಎಂಬುದನ್ನು ಇಷ್ಟು ವರ್ಷ ಪಾಠ ಹೇಳಿದ ನಾನು ಗಮನಿಸಿಯೇ ಇರಲಿಲ್ಲ.

ಜಾತಿಯನ್ನು ಹುಡುಕುವುದು ಇನ್ನೂ ಕಷ್ಟ, ಏಕೆಂದರೆ ನಮ್ಮ ಜನಪ್ರಿಯ ಸಿನಿಮಾ ಬಹುಮಟ್ಟಿಗೆ ಅದರ ಹೆಸರನ್ನೇ ಎತ್ತುವುದಿಲ್ಲ. ಊರಿನ ಕಥೆಯಾದರೆ ಪಂಚಾಯ್ತಿ ಕಟ್ಟೆಯ ಮೇಲೆ ಯಾರು ಕೂತಿದ್ದಾರೆ, ಕೆಳಗೆ ನಿಂತವರಲ್ಲಿ ಯಾರಿಗೆ ಹೆಸರಿದೆ ಎಂದು ಎಣಿಸುತ್ತೇವೆ. ಅಷ್ಟು ಮಾಡಿದರೂ ಬಹಳ ಕಾಣುತ್ತದೆ.

ಈ ಎರಡು ಪುಟಗಳ ಲೆಕ್ಕ ನನಗೆ ಕಡೆಗೆ ಅರ್ಥವಾದದ್ದು ಗದಗಿನಲ್ಲಿ, ನಮ್ಮವ್ವನ ಪಕ್ಕದಲ್ಲಿ. ಅವಳು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ರಾತ್ರಿಗೊಂದು ಕಂಪನಿ ನಾಟಕ ನೋಡಿ ಬೆಳೆದವಳು. ನಮ್ಮ ಉತ್ತರ ಕರ್ನಾಟಕದ ಧುತ್ತರಗಿಯವರ ನಾಟಕವೇ 1974ರಲ್ಲಿ ರಾಜಕುಮಾರ್ ಮತ್ತು ಮಂಜುಳಾ ಅವರ ‘ಸಂಪತ್ತಿಗೆ ಸವಾಲ್’ ಆಯಿತು; ಅದು ಅವ್ವನ ಜೀವದ ಸಿನಿಮಾ. ಉಳುವವನಿಗೇ ಭೂಮಿ ಎಂಬ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ 1974ರ ಮಾರ್ಚ್ 1ರಿಂದ. ಅವ್ವನ ಅಪ್ಪ, ನಮ್ಮಜ್ಜ, ಆಗ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ ಹೊಲವನ್ನು ತನ್ನ ಹೆಸರಿಗೆ ಕೇಳಿ ಡಿಕ್ಲರೇಷನ್ ಅರ್ಜಿ ಹಾಕಿ, ಧಣಿಯ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದ. ಅಂಥ ದಿನಗಳಲ್ಲಿ ಎಮ್ಮೆಯ ಮೇಲೆ ಕೂತು ಹಾಡುವ, ಸಿರಿವಂತರಿಗೆ ಸವಾಲು ಹಾಕುವ ನಾಯಕ ಆಗಿನ್ನೂ ಹುಡುಗಿಯಾಗಿದ್ದ ಅವ್ವನಿಗೆ ಏನಾಗಿ ಕಂಡಿರಬೇಕೆಂದು ನಾನು ಊಹಿಸಬಲ್ಲೆ. ಆದರೆ ಬಡವನ ಆ ಗೆಲುವು ತೆರೆಯ ಮೇಲೆ ಪೂರ್ತಿಯಾಗುವುದು ಸಿರಿವಂತನ ಮಗಳ ಸೊಕ್ಕು ಮುರಿದು ಅವಳನ್ನು ದಾರಿಗೆ ತರುವುದರಲ್ಲಿ. ಒಂದು ಕೈಯಿಂದ ನ್ಯಾಯ ಕೊಟ್ಟು ಇನ್ನೊಂದರಿಂದ ಕಸಿದುಕೊಳ್ಳುವ ಈ ಬಗೆಯನ್ನು ಅವ್ವನಿಗೆ ಹೇಳಲು ವರ್ಷಗಟ್ಟಲೆ ಹಿಂಜರಿದಿದ್ದೆ. ಅವಳ ಸಂತೋಷಕ್ಕೆ ಕೈ ಹಾಕಲು ನನಗೆ ಮನಸ್ಸಿರಲಿಲ್ಲ.

ಹೋದ ಬೇಸಿಗೆಯ ರಜೆಯಲ್ಲಿ ಪಟ್ಟಿಯನ್ನು ಮನೆಗೊಯ್ದು, ಇಬ್ಬರೂ ಕೂತು ಆ ಸಿನಿಮಾವನ್ನು ಪೂರ್ತಿ ನೋಡಿದೆವು. ಎಡಪುಟ ತುಂಬುವಷ್ಟು ಅವ್ವ ಹೇಳಿ ಬರೆಸಿದಳು. ಬಲಪುಟಕ್ಕೆ ಬಂದಾಗ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅಂದಳು: ‘ಸಾವ್ಕಾರನ ಮಗಳು ಅಂತ ಆಕೀಗೆ ಅಷ್ಟ್ ಬೈತಾರಲ್ಲ, ಹೊಲದ ಉತಾರದ ಕಾಗದದಾಗ ಆಕೀ ಹೆಸರ ಎಲ್ಲಿರತಿತ್ತು? ನಮ್ಮಪ್ಪಗ ಹೊಲ ಬಂತು, ಆಮ್ಯಾಲ ಅಣ್ಣಾರ ಹೆಸರಿಗೆ ಹೋತು. ನನ್ನ ಹೆಸರೂ ಇಲ್ಲ.’ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕೇಂದ್ರದ ತಿದ್ದುಪಡಿ 2005ರಲ್ಲಿ ಬರುವ ಹೊತ್ತಿಗೆ ನಮ್ಮ ಸೋದರಮಾವಂದಿರು ಹೊಲ ಪಾಲು ಹಂಚಿ ವಾಟ್ನಿ ಮಾಡಿಕೊಂಡು ಹಲವು ವರ್ಷಗಳಾಗಿದ್ದವು. ಅವಳ ಮಾತನ್ನು ಅವಳ ಮಾತಿನಲ್ಲೇ ಬಲಪುಟದಲ್ಲಿ ಬರೆದುಕೊಂಡೆ. ಬರೆದು ಮುಗಿಯುವವರೆಗೂ ಕಾದ ಅವ್ವ, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ‘ಆ ಎಮ್ಮಿ ಹಾಡು ಇನ್ನೊಮ್ಮೆ ಹಚ್ಚವಾ’ ಎಂದಳು.