ತಕ್ಕಡಿ ನಂಬಿ ಕೆಟ್ಟೆ, ಟೇಪು ಹಿಡಿದು ಗೆದ್ದೆ

"ತೂಕ ಸರಿಯಾಗೇ ಇದೆಯಲ್ಲ, ಮತ್ತೇನು ನಿಮ್ಮ ತಕರಾರು?" ರೌಂಡ್ಸಿನಲ್ಲಿ ಈ ಮಾತು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನಾನು ಡಯೆಟಿಷಿಯನ್ ಆಗಿ ಹನ್ನೊಂದು ವರ್ಷವಾಯ್ತು. ಪೋಷಣೆ ಸಾಲ್ತಿದೆಯಾ ಅಂತ ನೋಡೋಕೆ ಟೇಪು ಹಿಡಿದು ಮಕ್ಕಳ ರಟ್ಟೆ ಅಳೆಯುತ್ತಾ ಓಡಾಡ್ತೀನಿ ಅಂತ ನನಗೆ 'ಟೈಲರ್ ಮೇಡಂ' ಅಂತ ಹೆಸರಿಟ್ಟಿದ್ದರು. ಈಗ ಅದೇ ಜನ, ತೂಕದ ಪಕ್ಕ ರಟ್ಟೆ ಅಳತೆ ಇಲ್ಲದಿದ್ದರೆ ಜೂನಿಯರ್‌ಗಳನ್ನು ಬೈಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ನಾಲ್ಕು ವರ್ಷದ ಒಂದು ಹುಡುಗಿಯಿಂದ. ಮೂತ್ರಪಿಂಡದಲ್ಲಿ ವಿಲ್ಮ್ಸ್ ಗಡ್ಡೆ, ಮಕ್ಕಳಿಗೆ ಬರುವ ಒಂದು ಕ್ಯಾನ್ಸರ್. ತೂಕ ಸುಮಾರು 14 ಕಿಲೋ, ಚಾರ್ಟಿನ ಪ್ರಕಾರ ತೊಂದರೆ ಏನಿಲ್ಲ. ನಾನೂ ಟಿಕ್ ಹಾಕಿ ಮುಂದೆ ಹೋದೆ. ಆಪರೇಷನ್ ಆದ ಮೇಲೆ ತೆಗೆದ ಗಡ್ಡೆಯನ್ನು ತೂಗಿದರು, ಹೆಚ್ಚು ಕಮ್ಮಿ ಒಂದೂವರೆ ಕಿಲೋ. ಅಂದರೆ ನಾನು ಅಷ್ಟು ದಿನ ಗಡ್ಡೆಯನ್ನೂ ಸೇರಿಸಿ ಮಗು ಚೆನ್ನಾಗಿದೆ ಅಂತ ಬರೆದಿದ್ದೆ. ಅವತ್ತು ಸಂಜೆ ಸುಮ್ನೆ ರಟ್ಟೆ ಅಳೆದು ನೋಡಿದೆ. 12.2 ಸೆಂಟಿಮೀಟರ್. ಐದು ವರ್ಷದೊಳಗಿನವರಿಗೆ 12.5ಕ್ಕಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ ಅಂತ ಲೆಕ್ಕ. ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಬುದ್ಧಿ ಬಂದಿದ್ದು ತಕ್ಷಣ ಅಲ್ಲ. ಮೊದಲು ದುಡ್ಡು ಕಳೆದೆ. ಮೈಯೊಳಗೆ ಕರೆಂಟ್ ಹಾಯಿಸಿ ಕೊಬ್ಬೆಷ್ಟು, ಮಾಂಸವೆಷ್ಟು ಅಂತ ಹೇಳುವ ಮೆಷಿನ್ ಬೇಕು ಅಂತ ಹಟ ಹಿಡಿದು, ವಿಭಾಗದ ಒಂದು ವರ್ಷದ ಬಜೆಟ್ಟಿನ ದೊಡ್ಡ ಪಾಲನ್ನು ಅದಕ್ಕೇ ಸುರಿಸಿದೆ. ನಮ್ಮ ಮಕ್ಕಳಿಗೆ ಯಾವಾಗಲೂ ಡ್ರಿಪ್ ಇರುತ್ತದೆ ಅನ್ನೋದು ಆಗ ತಲೆಗೇ ಹೊಳೆಯಲಿಲ್ಲ ನೋಡಿ. ಮೆಥೋಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿ ಹೈ ಡೋಸ್‌ನಲ್ಲಿ ಹೋಗುವಾಗ ದಿನಕ್ಕೆ ಮೈಯ ಮೇಲ್ಮೈಯ ಚದರ ಮೀಟರಿಗೆ ಮೂರು ಲೀಟರ್ ನೀರು. ಮೆಷಿನ್ ಆ ನೀರನ್ನೆಲ್ಲ ಮಾಂಸ ಅಂತ ಲೆಕ್ಕ ಹಾಕುತ್ತಿತ್ತು. ಹಾಸಿಗೆ ಬಿಟ್ಟು ಏಳಲಾಗದ ಹುಡುಗನಿಗೆ ಅದು ಪೈಲ್ವಾನನ ರಿಪೋರ್ಟ್ ಕೊಟ್ಟಿತು! ಈಗ ಅದರ ಮೇಲೆ ಬಟ್ಟೆ ಹೊದಿಸಿ ಮೂಲೆಗೆ ಇಟ್ಟಿದ್ದೇವೆ. ಆ ದುಡ್ಡಿಗೆ ಇಡೀ ಆಸ್ಪತ್ರೆಗೆ ಆಗಿ ಮಿಗುವಷ್ಟು ಟೇಪು ಬರುತ್ತಿತ್ತು.

"ಹಾಗಾದರೆ ಅಲ್ಬುಮಿನ್ ನೋಡಿ" ಅಂದರು ಹಿರಿಯರೊಬ್ಬರು. ಅದು ರಕ್ತದಲ್ಲಿರುವ ಒಂದು ಪ್ರೋಟೀನ್. ಐದಾರು ತಿಂಗಳು ಅದನ್ನೂ ಬರೆದಿಟ್ಟೆ. ಜ್ವರ ಬಂದರೆ ಇಳಿಯುತ್ತದೆ, ಆಸ್ಪರಾಜಿನೇಸ್ ಅನ್ನೋ ಕೀಮೋ ಔಷಧಿ ಕೊಟ್ಟರೆ ಇಳಿಯುತ್ತದೆ, ಊಟ ಬಿಟ್ಟ ಮಗುವಿಗೆ ಮಾತ್ರ ವಾರಗಟ್ಟಲೆ ಹಾಗೇ ಇರುತ್ತದೆ. ಬಿಟ್ಟುಬಿಟ್ಟೆ.

ಹಾಗಂತ ಟೇಪು ಮೊದಲ ದಿನವೇ ಕೈ ಹಿಡಿಯಿತು ಅಂದುಕೊಳ್ಳಬೇಡಿ. ಬೆಳಗಿನ ನರ್ಸ್ 14.1 ಬರೆದರೆ ರಾತ್ರಿಯ ನರ್ಸ್ 14.9 ಬರೆಯುತ್ತಿದ್ದರು. ಒಂದು ಹಗಲಲ್ಲಿ ಯಾವ ರಟ್ಟೆ ಅಷ್ಟು ದಪ್ಪ ಆಗುತ್ತದೆ? ಕೂತು ನೋಡಿದೆ. ಒಬ್ಬರು ಭುಜದ ಮೂಳೆಯ ತುದಿಯಿಂದ ಮೊಣಕೈವರೆಗೆ ಅಳೆದು ನಡುವನ್ನು ಗುರುತು ಮಾಡುತ್ತಿದ್ದರು. ಇನ್ನೊಬ್ಬರು ಕಣ್ಣಂದಾಜು. ಮತ್ತೊಬ್ಬರು ಟೇಪನ್ನು ಚರ್ಮ ಸುಕ್ಕುಗಟ್ಟುವಷ್ಟು ಎಳೆಯುತ್ತಿದ್ದರು. ಸಾಲದ್ದಕ್ಕೆ ನಮ್ಮ ಬಟ್ಟೆ ಟೇಪು ತೊಳೆದು ತೊಳೆದು ಹಿಗ್ಗಿತ್ತು, ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟಾಗ ಗೊತ್ತಾಯಿತು. ಆಮೇಲೆ ಹಿಗ್ಗದ ಟೇಪು ತಂದೆ. ಅಳೆಯುವವರು ಇಬ್ಬರೇ, ನಾನು ಮತ್ತು ಇನ್ನೊಬ್ಬರು. ಬೆಳಿಗ್ಗೆ ಒಂದೇ ಹೊತ್ತು, ಕೈ ಸಡಿಲವಾಗಿ ಇಳಿಬಿಟ್ಟು, ಎರಡು ಸಲ ಅಳತೆ. ಪಿಕ್ ಲೈನ್ (ಔಷಧಿ ಕೊಡಲು ತೋಳಿನ ರಕ್ತನಾಳಕ್ಕೆ ಹಾಕಿಟ್ಟ ಉದ್ದ ನಳಿಕೆ) ಇರುವ ಕೈ ಮುಟ್ಟಲೇಬಾರದು, ಅದು ಬಾತಿರುತ್ತದೆ. ಯಾವ ಕೈ ಅಂತ ಪಕ್ಕದಲ್ಲೇ ಬರೆಯಬೇಕು. ಎರಡು ತಿಂಗಳಲ್ಲಿ ನಮ್ಮಿಬ್ಬರ ವ್ಯತ್ಯಾಸ ಎರಡು ಮಿಲಿಮೀಟರಿಗೆ ಬಂತು. ಐದು ವರ್ಷ ದಾಟಿದವರಿಗೆ ಮಾತ್ರ ಆ 11.5, 12.5 ಲೆಕ್ಕ ಹಾಕಬೇಡಿ, ವಯಸ್ಸಿನ ಪಟ್ಟಿ ಇಟ್ಟುಕೊಳ್ಳಿ.

ಸ್ಟೆರಾಯ್ಡ್ ತಿನ್ನುವ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮಕ್ಕಳ ಕಥೆ ಬೇರೆ. ಇಂಡಕ್ಷನ್, ಅಂದರೆ ಚಿಕಿತ್ಸೆಯ ಮೊದಲ ಹಂತದ ನಾಲ್ಕು ವಾರದಲ್ಲಿ ಮುಖ ಚಂದ್ರನಂತೆ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಅಮ್ಮಂದಿರಿಗೆ ಖುಷಿ. ತಕ್ಕಡಿಯೂ ಖುಷಿ. ಟೇಪು ಒಂದೇ ಸಾಲದು ಇಲ್ಲಿ, ಮಡಿಕೆಯ ದಪ್ಪ ಅಳೆಯುವ ಇಕ್ಕಳ, ಕ್ಯಾಲಿಪರ್, ಬೇಕೇ ಬೇಕು. ರಟ್ಟೆ ಹಿಂಭಾಗದ ಚರ್ಮದ ಮಡಿಕೆ ಹಿಡಿದು ಕೊಬ್ಬಿನ ಪಾಲು ಕಳೆದರೆ, ಒಳಗೆ ಮಾಂಸ ಕರಗುತ್ತಿರುವುದು ಕಣ್ಣಿಗೆ ಹೊಡೆಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ತೀರಾ ಇಳಿದಿದ್ದರೆ ನಾನು ಚಿವುಟಲು ಹೋಗುವುದಿಲ್ಲ. ಎರಡು ವರ್ಷದ, ಕ್ಯಾಲಿಪರ್ ಕಂಡರೆ ಚೀರುವ ಮಗುವಿನ ಮಡಿಕೆಯನ್ನು ಅಳಿಸದೆ ಹಿಡಿಯಲು ನನ್ನದೊಂದು ಉಪಾಯವಿದೆ. ಅದನ್ನು ಬರೆದು ತೋರಿಸಲಾಗದು, ವಾರ್ಡಿಗೆ ಬಂದವರಿಗೆ ಮಾತ್ರ!

ಮಧ್ಯೆ ಇನ್ನೂ ಏನೇನೋ ಮಾಡಿದೆ. ಅಪೌಷ್ಟಿಕತೆಯ ಅಪಾಯವನ್ನು ಅಂಕ ಹಾಕಿ ಹೇಳುವ ಸ್ಟ್ರಾಂಗ್‌ಕಿಡ್ಸ್ ಪ್ರಶ್ನೆಗಳನ್ನು ತಂದೆ. ಅದರಲ್ಲಿ ಕ್ಯಾನ್ಸರ್ ಇದೆ ಅನ್ನೋದಕ್ಕೇ 2 ಅಂಕ ಸಿಗುತ್ತದೆ. ನಮ್ಮಲ್ಲಿ ಎಲ್ಲರಿಗೂ ಅದೇ ಕಾಯಿಲೆ, ಹೀಗಾಗಿ ಯಾರೂ ಕಡಿಮೆ ಅಪಾಯದ ಪಟ್ಟಿಗೆ ಬರಲೇ ಇಲ್ಲ. ಊಟದ ತಟ್ಟೆಯ ಫೋಟೋ ಮುಂಚೆ ಒಂದು, ಆಮೇಲೆ ಒಂದು ತೆಗೆಸಿದೆ. "ಅರ್ಧ ತಿಂದ ಮೇಡಂ" ಅಂದರೆ ಸಾಮಾನ್ಯವಾಗಿ ಕಾಲು ಭಾಗ ಅಂತ ಗೊತ್ತಾಯಿತು. ಇನ್ನೊಂದು ಕಾಲು ಭಾಗ ಅಮ್ಮನೇ ತಿಂದಿರುತ್ತಾಳೆ, ಪಾಪ, ಅವಳಿಗೂ ಹಸಿವು. ಹಿಡಿತದ ಬಲ ಅಳೆಯುವ ಮೀಟರನ್ನು ದೊಡ್ಡ ಹುಡುಗರಿಗೆ ಕೊಟ್ಟರೆ ಪಂದ್ಯವೇ ಶುರುವಾಗುತ್ತಿತ್ತು. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ನರಗಳಿಗೂ ಹೊಡೆಯುವುದರಿಂದ ಬಲ ಯಾಕೆ ಇಳಿಯಿತು ಅಂತ ಬಿಡಿಸಿ ಹೇಳಲಾಗದೆ ಅದನ್ನು ನಿಲ್ಲಿಸಿದೆ. ಹುಡುಗರು ಈಗಲೂ ಕೇಳುತ್ತಾರೆ.

ಕೊನೆಯ ಪ್ರಯೋಗ ಅಮ್ಮಂದಿರದ್ದು. ಎರಡು ಕೀಮೋ ಸುತ್ತುಗಳ ನಡುವೆ ಮನೆಯಲ್ಲಿ ಏನಾಗುತ್ತದೋ ನಮಗೆ ಕಾಣುವುದಿಲ್ಲ ಅಲ್ವಾ? ಒಂದು ಟೇಪು ಕೊಟ್ಟು, ಎರಡು ಸಲ ಎದುರಿಗೇ ಅಳೆಸಿ, ವಾರಕ್ಕೊಮ್ಮೆ ಬರೆದುಕೊಳ್ಳಿ ಅಂದೆ. "ಅವರ ಕೈಲಾಗದ ಕೆಲಸ" ಅಂತ ವಾರ್ಡಿನಲ್ಲಿ ನಕ್ಕರು. ಹತ್ತೋ ಹನ್ನೆರಡೋ ಜನ ಒಪ್ಪಿದರು, ಇಬ್ಬರು ಟೇಪನ್ನೇ ಕಳೆದರು. ಉಳಿದವರ ಅಳತೆ ನನ್ನದಕ್ಕಿಂತ ಮೂರು ಮಿಲಿಮೀಟರ್ ಆಚೆ ಈಚೆ ಅಷ್ಟೇ. ಕಳೆದ ತಿಂಗಳು ಒಬ್ಬ ತಾಯಿ ಫೋನ್ ಮಾಡಿ, "ತೂಕ ಹಾಗೇ ಇದೆ ಮೇಡಂ, ಆದರೆ ರಟ್ಟೆ ಅರ್ಧ ಸೆಂಟಿಮೀಟರ್ ಇಳಿದಿದೆ, ಎರಡು ಸಲ ನೋಡಿದೆ" ಅಂದಳು. ಮರುದಿನವೇ ಕರೆಸಿ ಮೂಗಿನ ಟ್ಯೂಬ್ ಹಾಕಿ ಆಹಾರ ಶುರು ಮಾಡಿದೆವು. ಮುಂದಿನ ಕೀಮೋಗೆ ಇನ್ನೂ ಒಂಬತ್ತು ದಿನ ಇತ್ತು.