ಅಜ್ಜಿಯ ಹೆಬ್ಬೆರಳಲ್ಲಿ ನೇರಳೆ ಬಣ್ಣ

ವಿರಾಜಪೇಟೆ ಕಡೆ ಮನೆಗಳಿಗೆ ಹೋಂ ನರ್ಸ್ ಕಳಿಸುವ ಒಂದು ಸಣ್ಣ ಏಜೆನ್ಸಿಯಲ್ಲಿ ನಾನು ಮೇಲ್ವಿಚಾರಕಿ. ಕೊಡಗಿನಲ್ಲಿ ಈ ಕೆಲಸ ಯಾಕೆ ಜಾಸ್ತಿ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮಕ್ಕಳು ಬೆಂಗಳೂರಿನಲ್ಲೋ ಮಿಲಿಟರಿಯಲ್ಲೋ ಇರುತ್ತಾರೆ. ತೋಟದ ಮನೆಯಲ್ಲಿ ಅಜ್ಜಿ, ಒಂದು ನಾಯಿ, ನಾವು ಕಳಿಸಿದ ಹುಡುಗಿ. ಕೂಗಿದರೂ ಪಕ್ಕದ ಮನೆಗೆ ಕೇಳುವುದಿಲ್ಲ.

ಹುಡುಗಿ ತಡವಾಗಿ ಬಂದಳು, ರೊಟ್ಟಿ ಗಟ್ಟಿಯಾಯಿತು ಎಂಬ ದೂರು ಫೋನಿನಲ್ಲೇ ಮುಗಿಯುತ್ತದೆ. ಹೊಡೆದರು, ಹೆದರಿಸಿದರು, ಮಾತ್ರೆ ಕೊಡಲಿಲ್ಲ, ದುಡ್ಡು ಹೋಯಿತು ಅಂದರೆ ನಾನು ಅದೇ ದಿನ ಹೊರಡುತ್ತೇನೆ. ಇದನ್ನು ಕಲಿತದ್ದು ಕೆಟ್ಟ ರೀತಿಯಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ವಿಡಿಯೋ ಕಾಲ್‌ನಲ್ಲಿ ತಾಯಿಯ ತೋಳಿನ ಮೇಲೆ ನೀಲಿ ಕಲೆ ನೋಡಿ ದೂರು ಕೊಟ್ಟರು. ನಾನು ನೇರ ಹುಡುಗಿಗೇ ಫೋನ್ ಮಾಡಿ "ಹೊಡೆದೆಯಾ?" ಅಂತ ಕೇಳಿಬಿಟ್ಟೆ. ಅವಳು ಅತ್ತುಕೊಂಡು ಸಂಜೆ ಬಸ್ಸಿಗೇ ಊರಿಗೆ ಹೋದಳು. ಆ ರಾತ್ರಿ ಅಜ್ಜಿ ಒಬ್ಬರೇ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಸುಮ್ನೆ ಕೈ ಹಿಡಿದು ಎಬ್ಬಿಸಿದರೂ ಹಾಗೆ ಕಲೆ ಬೀಳುವುದುಂಟು ಅಂತ ಡಾಕ್ಟರು ಆಮೇಲೆ ಹೇಳಿದರು. ನಿಜ ಏನೆಂದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೆ.

ಆಮೇಲೆ ಒಂದು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಾಪೋಕ್ಲು ಕಡೆಯ ಮನೆಯಿಂದ ಅಜ್ಜಿಯ ಸಂಬಂಧಿಕನ ಫೋನ್. "ನಿಮ್ಮ ಹುಡುಗಿ ಕಳ್ಳಿ. ಬೀರುವಿನ ದುಡ್ಡು ಹೋಗಿದೆ. ನಾಳೆಯೇ ಬೇರೆಯವರನ್ನು ಕಳಿಸಿ." ಅವರ ಮಾತನ್ನು ಹಾಗೇ, ಸಮಯ ಹಾಕಿ ಬರೆದುಕೊಂಡೆ. ಬರುತ್ತೇನೆ ಅಂದೆ, ಬದಲಾಯಿಸುತ್ತೇನೆ ಅನ್ನಲಿಲ್ಲ.

ಹೋದವಳೇ ಮೊದಲು ಕೇಳಿದ್ದು ದಿನದ ಪುಸ್ತಕ. ಸ್ನಾನ, ಊಟ, ಮಾತ್ರೆ ಬರೆಯಲು ಪ್ರತಿ ಮನೆಯಲ್ಲೂ ಒಂದು ಇಡಿಸಿದ್ದೇವೆ. ದೂರು ಬಂದದ್ದು ಗುರುವಾರ. ಮಂಗಳವಾರದ ಪುಟದಲ್ಲಿ ಹುಡುಗಿ ಬರೆದಿದ್ದಳು: "ಅಜ್ಜಿ ಎಡಗೈ ಹೆಬ್ಬೆರಳಲ್ಲಿ ನೇರಳೆ ಬಣ್ಣ. ಸೋಪಿಗೂ ಹೋಗಲಿಲ್ಲ. ಕೇಳಿದರೆ ಮಾತಾಡಲ್ಲ." ಬಸಳೆ ಹಣ್ಣು ಹಿಸುಕಿರಬೇಕು ಅಂದುಕೊಂಡಿದ್ದಳಂತೆ.

ಆ ಸಂಬಂಧಿಕನನ್ನು ಜಗಲಿಯಲ್ಲಿ ಕೂರಿಸಿ, ಹುಡುಗಿಯನ್ನು ಅಡುಗೆಮನೆಗೆ ಕಳಿಸಿದೆ. ಅವನು ಏನಾದರೂ ಮಾಡಿದನಾ ಅಂತ ಕೇಳಿದರೆ ನಾನೇ ಉತ್ತರ ಬಾಯಿಗೆ ಹಾಕಿದ ಹಾಗೆ. ಕೈ ಹಿಡಿದು "ಇದೇನಜ್ಜಿ ಬಣ್ಣ?" ಅಂತ ಮಾತ್ರ ಕೇಳಿದೆ. ತುಂಬ ಹೊತ್ತು ಹೆಂಚಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ.

"ಬ್ಯಾಂಕಿನ ಕಾಗದ ಅಂದ. ಹೆಬ್ಬೆಟ್ಟು ಒತ್ತಿಸಿಕೊಂಡ. ನಂಗೆ ಓದಕ್ಕೆ ಕಣ್ಣು ಕಾಣಲ್ಲ. ಯಾರಿಗೂ ಹೇಳ್ಬೇಡ ಮಗಳೇ, ಅವನೂ ಬರದಿದ್ರೆ ನಂಗೆ ಯಾರು?"

ಯಾರಿಗೂ ಹೇಳಲ್ಲ ಅಂತ ಮಾತು ಕೊಡಬಾರದು. ಇದು ಕಷ್ಟ, ಆದರೂ ಕೊಡಬಾರದು. "ಊರಿಗೆಲ್ಲ ಹೇಳಲ್ಲ ಅಜ್ಜಿ, ನಿಮ್ಮ ಮಗನಿಗೆ ಹೇಳಲೇಬೇಕು" ಅಂದೆ. ಅವರು ಮುಖ ತಿರುಗಿಸಿದರು, ಬೇಡ ಅನ್ನಲಿಲ್ಲ. ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಕೊಡೆ ಹಿಡಿದು ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದೆ. ಹಿರಿಯರ ಸಹಾಯವಾಣಿ 14567 ಕೊಟ್ಟೆ. ಖಾಲಿ ಕಾಗದಕ್ಕೋ ಆಸ್ತಿ ಪತ್ರಕ್ಕೋ ಹೆಬ್ಬೆಟ್ಟು ಹಾಕಿಸಿದ್ದರೆ ಪೊಲೀಸ್ ಠಾಣೆಗೆ ಹೋಗಲೇಬೇಕು ಅಂದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಇದೆ. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, ಆ ಪತ್ರವನ್ನು ಅಲ್ಲಿ ರದ್ದು ಮಾಡಿಸಬಹುದು. ಮಗನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಹುಡುಗಿಯ ವಿಷಯದಲ್ಲಿ ನಾನು ತಲೆ ಕೆಡಿಸಿಕೊಂಡದ್ದು ಜಾಸ್ತಿ. ತೆಗೆದರೆ ದೂರು ಕೊಟ್ಟವರ ಆಸೆ ನಡೆದಂತೆ. ಹಾಗೇ ಬಿಟ್ಟರೆ, ಕಳ್ಳತನದ ದೂರನ್ನು ನೋಡಲೇ ಇಲ್ಲ ಅನ್ನುತ್ತಾರೆ. ಅನುಭವ ಇರುವ ಇನ್ನೊಬ್ಬರನ್ನು ಒಂದು ವಾರ ಜೊತೆಗೆ ಹಾಕಿದೆ. ಬೀಗದ ಕೈ ಅಜ್ಜಿಯ ದಿಂಬಿನ ಕೆಳಗೇ ಇತ್ತು. ಮಗ ವಿಡಿಯೋದಲ್ಲಿ ನೋಡುತ್ತಿರುವಾಗ ಅಜ್ಜಿಯೇ ಬೀರು ತೆಗೆಸಿ ಎಣಿಕೆ ಮಾಡಿಸಿದರು. ದುಡ್ಡು ಸರಿಯಾಗಿತ್ತು. ಹುಡುಗಿಗೆ ಆ ಮಾತನ್ನು ಬರೆದೇ ಕೊಟ್ಟೆ.

ಮಗ ಬಂದು ಮುಂದಿನದನ್ನು ನೋಡಿಕೊಂಡರು. ಆ ಸಂಬಂಧಿಕ ಈಗ ಆ ಕಡೆ ಬರುವುದಿಲ್ಲ. ಭಾನುವಾರ ನಾಯಿ ಬೊಗಳಿದರೆ ಮಾತ್ರ ಅಜ್ಜಿ "ಅವನಾ?" ಅಂತ ಕೇಳುತ್ತಾರಂತೆ. ಹುಡುಗಿ ಅದನ್ನೂ ಪುಸ್ತಕದಲ್ಲಿ ಬರೆದಿಡುತ್ತಾಳೆ.